ಅಪ್ಪನ ಬೆರಳು

ಮೊಮ್ಮಗಳು ಚೈತ್ರ ಮೊನ್ನೆ ಮೈಸೂರಿನಿಂದ ಬಂದವಳು ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡಲಿಲ್ಲ. ಹೆಗಲ ಮೇಲಿದ್ದ ಉದ್ದನೆಯ ಪೆಟ್ಟಿಗೆಯನ್ನು ನನ್ನ ಮಂಚದ ಮೇಲಿಟ್ಟು ಬೀಗ ತೆಗೆದಳು. ಒಳಗೆ ಅವಳ ರೈಫಲ್ಲು. ಬೇಟೆಯದಲ್ಲ, ಗುರಿ ಆಟಕ್ಕೆಂದೇ ಇರುವ ಸಣ್ಣ ಗುಂಡಿನ ರೈಫಲ್ಲು. ಐವತ್ತು ಮೀಟರ್ ದೂರದ ಕಾಗದದ ಮೇಲೆ ಕಡಲೆಕಾಳಿನಷ್ಟು ಒಂದು ಚುಕ್ಕೆ ಇರುತ್ತದಂತೆ, ಅದಕ್ಕೆ ಹೊಡೆಯಬೇಕು. ಕಾಲೇಜಿನ ಎನ್‌ಸಿಸಿಯಲ್ಲಿ ಮೊದಲ ಸಲ ಕೋವಿ ಹಿಡಿದವಳು, ಹೋದ ತಿಂಗಳು ರಾಜ್ಯಕ್ಕೇ ಎರಡನೆಯವಳಾಗಿ ಬೆಳ್ಳಿ ಪದಕ ತಂದಳು. ಚಾಮರಾಜನಗರದಲ್ಲಿ ಗುಮಾಸ್ತನಾಗಿರುವ ನನ್ನ ಮಗ ಮಾದೇಶ, ಮಗಳ ಲೈಸೆನ್ಸಿಗಾಗಿ ಅಲೆದ ಅಲೆದಾಟದಲ್ಲಿ ಎರಡು ಜೊತೆ ಚಪ್ಪಲಿ ಸವೆಸಿದ್ದಾನೆ. ಪದಕ ಬಂದ ದಿನ ನಾನು ನಮ್ಮ ಬೀದಿಯ ಮನೆಮನೆಗೂ ಹೋಗಿ ಒಂದೊಂದು ಅಚ್ಚು ಬೆಲ್ಲ ಕೊಟ್ಟು ಬಂದೆ. "ಏನಜ್ಜೀ, ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?" ಅಂತ ಕೇಳಿದವರೇ ಹೆಚ್ಚು. "ಗಂಡು ಯಾವಾಗ ಬೇಕಾದ್ರೂ ಸಿಕ್ತಾನೆ ಬುಡ್ರವ್ವಾ, ಇದು ಸಿಕ್ಕದಾ?" ಅಂದೆ. ಮಂಡಿನೋವು ಅವತ್ತು ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಇಷ್ಟೊಂದು ಸಂತೋಷ ಒಂದೇ ಎದೆಯಲ್ಲಿ ಹಿಡಿಸುವುದಿಲ್ಲ, ಯಾರಿಗಾದರೂ ಒಂದಿಷ್ಟು ಹಂಚಲೇಬೇಕು.

"ನೋಡಜ್ಜಿ, ಹೊಸ ಟ್ರಿಗರ್ ಹಾಕುಸ್ಕೊಂಡು ಬಂದಿದ್ದೀನಿ," ಅಂದಳು. "ಹಳೇದು ಎಳೆಯೋಕೆ ಒಂದೂವರೆ ಕೆಜಿ ಬಲ ಬೇಕಿತ್ತು. ಅಷ್ಟು ಎಳೆದಾಗ ನಳಿಕೆ ಅಲ್ಲಾಡ್ಬುಡೋದು. ಗುರಿ ಸರಿಯಾಗಿದ್ರೂ ಗುಂಡು ಪಕ್ಕಕ್ಕೆ. ಇದಕ್ಕೆ ನೂರೈವತ್ತು ಗ್ರಾಂ ಸಾಕು."

"ನೂರೈವತ್ತು ಗ್ರಾಂ ಅಂದ್ರೆ ಎಷ್ಟಮ್ಮಿ?"

"ಎರಡು ಹಿಡಿ ರಾಗಿ ಅಂದ್ಕೋ. ಮೊದ್ಲು ಸ್ವಲ್ಪ ಸುಮ್ನೆ ಹಿಂದಕ್ಕೆ ಬರುತ್ತೆ. ಆಮೇಲೆ ಬೆರಳಿಗೆ ಒಂದು ಗೋಡೆ ಸಿಕ್ಕಿದಂಗೆ ಆಗುತ್ತೆ. ಅಲ್ಲಿ ನಿಂತು, ಉಸಿರು ಹಿಡಿದು, ಇನ್ನೊಂದು ಚೂರು ಅಂದ್ರೆ ಸಾಕು. ಒತ್ತಿದ್ದು ನಂಗೇ ಗೊತ್ತಾಗಲ್ಲ."

ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವ ಒಬ್ಬರು ಹಳೆಯದನ್ನು ಬಿಚ್ಚಿ, ಪರದೇಶದಿಂದ ತರಿಸಿದ ಹೊಸದನ್ನು ಕೂರಿಸಿ, ಪುಟ್ಟ ತೂಕದ ಕೊಕ್ಕೆಯೊಂದನ್ನು ಅದಕ್ಕೆ ಸಿಕ್ಕಿಸಿ ಎಳೆದೆಳೆದು ತೂಗಿ ಕೊಟ್ಟರಂತೆ. ಬಂಗಾರ ತೂಗುವ ಹಾಗೆ. ನಮ್ಮ ಕಾಲದಲ್ಲಿ ಬೆರಳಿನಿಂದ ಎಳೆಯುವ ಆ ಕೊಂಡಿಗೆ ಕುದುರೆ ಅನ್ನುತ್ತಿದ್ದೆವು. ಚೈತ್ರ ರೈಫಲ್ಲಿನ ಒಳಗೆ ಬೆರಳು ತೂರಿಸಿ, ಮೊಬೈಲಿನ ಬೆಳಕು ಬಿಟ್ಟು, ತೋಟಾ ಇಲ್ಲವೆಂದು ತಾನೂ ನೋಡಿ ನನಗೂ ತೋರಿಸಿದಳು. ಗೋಡೆಗೆ ಸ್ಕ್ರೂ ಹಾಕುವಾಗ ತೂತಿಗೆ ಬಡಿಯುತ್ತಾರಲ್ಲ, ಆ ಹಳದಿ ಪ್ಲಾಸ್ಟಿಕ್ಕಿನ ತುಂಡೊಂದನ್ನು ತೋಟಾದ ಜಾಗಕ್ಕೆ ಇಟ್ಟಳು. ಬರಿದೇ ಹೊಡೆದರೆ ಒಳಗಿನ ಸೂಜಿ ಅಂಚಿಗೆ ಬಡಿದು ಕೆಡುತ್ತದಂತೆ. ಆಮೇಲೆ ನಳಿಕೆಯನ್ನು ಮೂಲೆಯ ಗೋಡೆಯ ಕಡೆಗೆ ತಿರುಗಿಸಿ ಹಿಡಿದು, "ಒಂದೇ ಒಂದು ಸಲ ಒತ್ತಜ್ಜಿ. ಮೊದ್ಲು ನೀನೇ ಒತ್ಬೇಕು ಅಂತ, ಅಂಗಡೀಲಿ ನೋಡಿದ್ದು ಬಿಟ್ರೆ ನಾನಿನ್ನೂ ಒತ್ತಿಲ್ಲ," ಅಂದಳು.

"ಕೈಯೆಲ್ಲಾ ರಾಗಿಹಿಟ್ಟು ಕಣಮ್ಮಿ, ಆಮೇಲೆ ನೋಡನ," ಅಂದು ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡೆ. ನನ್ನ ಕೈ ಒಣಗಿಯೇ ಇತ್ತು. ಅವಳ ಮುಖ ಚಿಕ್ಕದಾಯಿತು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಇದ್ದದ್ದು ಬೇಗೂರಿನಿಂದ ಕಾಡಿನ ಕಡೆಗೆ ಎರಡು ಮೈಲಿ ನಡೆದರೆ ಸಿಗುತ್ತಿದ್ದ ಒಂದು ಸಣ್ಣ ಊರಿನಲ್ಲಿ. ಊರಿನ ಕೊನೆಯ ಮನೆ ನಮ್ಮದು, ಆಮೇಲೆ ಬರೀ ಹೊಲ, ಹೊಲ ಮುಗಿದರೆ ಕುರುಚಲು, ಅದು ಮುಗಿದರೆ ಬಂಡೀಪುರದ ಕಾಡು. ನಾಡಹೆಂಚಿನ ಮನೆ. ಒಳಗೆ ಕಾಲಿಟ್ಟರೆ ಎಡಕ್ಕೆ ಎರಡು ಎತ್ತು, ಬಲಕ್ಕೆ ನಾವು. ನಡುವೆ ಮೊಣಕಾಲೆತ್ತರದ ಒಂದು ಗೋಡೆ ಮಾತ್ರ. ಎತ್ತುಗಳ ಉಸಿರು ಕೇಳಿಕೊಂಡೇ ನಾವು ಉಣ್ಣುತ್ತಿದ್ದೆವು. ನಡುಮನೆಯ ಗೋಡೆಗೆ ಒರಗಿಸಿ ರಾಗಿ ತುಂಬಿದ ಮೂರು ಮಣ್ಣಿನ ಗುಡಾಣ. ಅದರ ಮೇಲೆ ಮಾದಪ್ಪನ ಪಟ. ಪಟದ ಕೆಳಗೆ ಎರಡು ಗೂಟ, ಗೂಟದ ಮೇಲೆ ಅಡ್ಡಲಾಗಿ ಅಪ್ಪನ ಕೋವಿ. ಬೆಳಿಗ್ಗೆ ಕೈ ಮುಗಿದರೆ ದೇವರಿಗೋ ಕೋವಿಗೋ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಗೆ ಕಿಟಕಿ ಇರಲಿಲ್ಲ, ಸೂರಿನಲ್ಲಿ ಒಂದು ಹೆಂಚು ತೆಗೆದು ಹೊಗೆಗೆ ದಾರಿ ಬಿಟ್ಟಿದ್ದರು. ಬೇಸಿಗೆಯಲ್ಲಿ ಆ ತೂತಿನಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿದು ಅವ್ವನ ಬೆನ್ನಿನ ಮೇಲೆ ನಿಲ್ಲುತ್ತಿತ್ತು. ಅವ್ವ ಮುದ್ದೆ ತಿರುವುವಾಗ ಎರಡು ಪಾದಗಳಿಂದ ಮಡಕೆಯನ್ನು ಅಮುಕಿ ಹಿಡಿದು, ಬಲಗೈಯಲ್ಲಿ ಕೋಲು ಹಿಡಿದು ತಿರುಗಿಸುತ್ತಿದ್ದರೆ ಬಳೆಗಳೆಲ್ಲ ಮೊಣಕೈಗೆ ಓಡಿ ಮತ್ತೆ ವಾಪಸು ಬರುತ್ತಿದ್ದವು. ಹುರುಳಿಸಾರು ಇಲ್ಲವೇ ಉಪ್ಪೆಸರು, ಅದರ ಮೇಲೆ ಒಂದಿಷ್ಟು ಖಾರ. ನಾಳೆ ಏನು ಸಾರು ಅಂತ ನಾನು ಕೇಳಿದರೆ, "ಇವತ್ತಿಂದೇ ನಾಳೀಕೂ ಕಣಮ್ಮಣ್ಣಿ, ನಾಚಿಕೆ ಇಲ್ದೆ ಅದೇ ಬತ್ತದೆ," ಅನ್ನುತ್ತಿದ್ದಳು. ನನ್ನನ್ನು ಎಲ್ಲರೂ ಅಮ್ಮಣ್ಣಿ ಅಂತಲೇ ಕರೆಯುತ್ತಿದ್ದರು. ಒಬ್ಬಳೇ ಮಗಳು ನಾನು, ನನ್ನ ಹಿಂದೆ ಹುಟ್ಟಿದ ಎರಡು ಉಳಿಯಲಿಲ್ಲ.

ಕೋವಿ ನಮ್ಮ ತಾತನ ಕಾಲದ್ದು. ಬೆಳೆ ಕಾಯಲು ಸರ್ಕಾರ ಕೊಟ್ಟ ಲೈಸೆನ್ಸು ಅದಕ್ಕಿತ್ತು. ನಳಿಕೆಯ ಬಾಯಿಂದ ಮದ್ದು ತುಂಬಿ, ತೆಂಗಿನ ನಾರು ತುರುಕಿ, ಕೋಲಿನಿಂದ ಜಡಿಯಬೇಕು. ಹಿಂಬದಿಯಲ್ಲಿ ಹೆಸರುಕಾಳಿಗಿಂತ ಒಂದಿಷ್ಟು ದಪ್ಪನೆಯ ತಾಮ್ರದ ಟೋಪಿ ಹಾಕಬೇಕು, ಅದಕ್ಕೆ ಕೇಪು ಅಂತ ಹೆಸರು. ಕುದುರೆ ಎಳೆದರೆ ಮೇಲೆ ಎತ್ತಿದ್ದ ಸುತ್ತಿಗೆಯಂಥ ಕೊಕ್ಕು ಬಂದು ಕೇಪನ್ನು ಕುಟ್ಟುತ್ತದೆ, ಕಿಡಿ ಒಳಗೆ ಹೋಗುತ್ತದೆ. ಅಪ್ಪ ಅದರಲ್ಲಿ ಸೀಸದ ಚರೆ ತುಂಬಿದ್ದನ್ನು ನಾನು ನೋಡಲೇ ಇಲ್ಲ. ಬರೀ ಮದ್ದು, ನಾರು, ದೊಡ್ಡ ಸದ್ದು. ಹಂದಿ ಹಿಂಡು ಹೆದರಿ ಓಡಿದರೆ ಅವನಿಗೆ ಸಾಕಾಗಿತ್ತು. "ಅವ್ಕೂ ಮಕ್ಳವೆ ಬುಡಮ್ಮಿ," ಅನ್ನುತ್ತಿದ್ದ. ಓಟು ಬಂದಾಗಲೆಲ್ಲ ಊರಿನ ಕೋವಿಗಳನ್ನು ಗುಂಡ್ಲುಪೇಟೆಯ ಸ್ಟೇಷನ್ನಿನಲ್ಲಿ ತಂದಿಡಬೇಕಿತ್ತು. ತಿಂಗಳುಗಟ್ಟಲೆ ಅಲ್ಲಿದ್ದು ಬರುವಾಗ ಅದು ತುಕ್ಕು ಹಿಡಿದು, ಕುದುರೆ ಮೊದಲಿಗಿಂತ ಬಿಗಿಯಾಗಿರುತ್ತಿತ್ತು. ನೆಂಟರ ಮನೆಗೆ ಹೋಗಿ ಬಂದ ಸೊಸೆಯ ಹಾಗೆ ಸೆಟೆದುಕೊಂಡದೆ ಅಂತ ಅಪ್ಪ ನಗುತ್ತಿದ್ದ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಅಪ್ಪನ ಬಲಗೈ ಸಿಕ್ಕಿಕೊಂಡಿತು. ತೋರುಬೆರಳು, ನಡುಬೆರಳು ಎರಡೂ ಜಜ್ಜಿಹೋದವು. ಮೈಗೆ ಅಂಟಿಕೊಂಡಿದ್ದವು ಅಷ್ಟೇ, ಮಡಚುವುದಿಲ್ಲ, ಕಸುವಿಲ್ಲ. ಎಡಗೈಯಿಂದ ಕುದುರೆ ಎಳೆಯೋಣವೆಂದರೆ ನಳಿಕೆಯ ಭಾರ ಹೊರಲು ಬಲಗೈಗೆ ಆಗುತ್ತಿರಲಿಲ್ಲ. ಆ ವರ್ಷ ಹಂದಿಗಳು ನೆಲಗಡಲೆಯ ಹೊಲವನ್ನು ಉತ್ತು ಹಾಕಿದಂತೆ ಮಾಡಿದವು. ಆಗ ಅಪ್ಪ ಒಂದು ಉಪಾಯ ಕಂಡುಕೊಂಡ. ಹೊತ್ತು ಇಳಿಯುವ ಸಮಯಕ್ಕೆ ಹೊಲದ ಅಟ್ಟಣೆಯ ಮೇಲೆ ನನ್ನನ್ನು ತನ್ನ ಎರಡು ಮೊಣಕಾಲುಗಳ ನಡುವೆ ಕೂರಿಸಿಕೊಳ್ಳುತ್ತಿದ್ದ. ಕೋವಿಯ ಹಿಡಿ ಅವನ ಹೆಗಲಿಗೆ, ಭಾರ ಅವನದು, ಗುರಿ ಅವನದು. ಕುದುರೆ ಮಾತ್ರ ನನ್ನದು. ಮೊದಲು ನನ್ನ ಎರಡು ಕಿವಿಗೂ ಅರಳೆ ತುರುಕಿ, ಅದರ ಮೇಲೆ ಒಂದು ಬಟ್ಟೆ ಕಟ್ಟುತ್ತಿದ್ದ. ಹಾಗಾಗಿ ಅವನು ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ, ಬೆನ್ನಿಗೆ ತಾಗಿದ ಅವನ ಎದೆಯಲ್ಲಿ ಅದು ಗೊತ್ತಾಗುತ್ತಿತ್ತು. "ಈಗ" ಅಂದರೆ ಎದೆ ಒಂದು ಸಲ ನಡುಗುತ್ತಿತ್ತು. ನಾನು ಎರಡು ತೋರುಬೆರಳನ್ನೂ ಒಂದರ ಮೇಲೊಂದು ಇಟ್ಟು, ಹಲ್ಲು ಕಚ್ಚಿ ಎಳೆಯುತ್ತಿದ್ದೆ. ಕುದುರೆ ಮೊದಲು ಮಿಸುಕುತ್ತಲೇ ಇರಲಿಲ್ಲ. ಒಂದು, ಎರಡು, ಮೂರು ಅಂತ ಮನಸ್ಸಿನಲ್ಲೇ ಎಣಿಸಬೇಕು, ಆಮೇಲೆ ಢಂ. ಹೊಗೆ ಇಳಿದ ಮೇಲೆ ಅಪ್ಪ ನನ್ನ ಬೆರಳು ಹಿಡಿದು ಮುತ್ತು ಕೊಡುತ್ತಿದ್ದ. "ಇದು ನಂದು ಕಣಮ್ಮಿ, ನಿನ್ ಕೈಲಿ ಇಟ್ಟಿವ್ನಿ, ಅಷ್ಟೇಯ," ಅನ್ನುತ್ತಿದ್ದ. ಆಮೇಲಿನ ಬದುಕಿನಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಮಾತು ಹೇಳಲಿಲ್ಲ.

ಆ ಕೋವಿಯಿಂದಲೇ ನಮ್ಮ ಮನೆಯಲ್ಲಿ ಒಂದು ರೂಢಿಯೂ ಬೆಳೆಯಿತು. ಗಡಿಬಿಡಿಯಲ್ಲಿ ಕೊಕ್ಕು ಎತ್ತಿ ಕೇಪು ಹಾಕುವುದು ಅಪ್ಪನ ಕೈಯಿಂದ ಆಗುತ್ತಿರಲಿಲ್ಲ. ಅದಕ್ಕೆ ಮದ್ದು ತುಂಬಿ, ಕೇಪು ಹಾಕಿ, ಕೊಕ್ಕು ಎತ್ತಿಯೇ ಗೂಟಕ್ಕೆ ಹಾಕಿಡುತ್ತಿದ್ದ. ಯಾರಾದರೂ ಕೇಳಿದರೆ, "ನನ್ ಮಗ್ಳು ಎರಡು ಕೈ ಹಾಕಿ ಎಳುದ್ರೂ ಜಪ್ಪಯ್ಯ ಅನ್ನಕಿಲ್ಲ, ಅದು ತಾನಾಗೇ ಹಾರದಾ?" ಅನ್ನುತ್ತಿದ್ದ. ಆ ಕುದುರೆಯ ಗಡಸುತನವೇ ನಮ್ಮ ಮನೆಯ ಬೀಗವಾಗಿತ್ತು. ನಾವು ಅದರ ಕೆಳಗೆ ಉಂಡೆವು, ಮಲಗಿದೆವು, ರಾಗಿ ಕೇರಿದೆವು.

ಅವ್ವನಿಗೆ ಮಾತ್ರ ನಾನು ಅಟ್ಟಣೆ ಹತ್ತುವುದು ಬೇಡವಾಗಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರು ಕರೆದರೆ ನನಗೆ ಎರಡನೇ ಸಲಕ್ಕೆ ಕೇಳಿಸುತ್ತಿತ್ತು. ಅವರು ಮನೆಗೇ ಬಂದು, ಹುಡುಗಿ ಲೆಕ್ಕದಲ್ಲಿ ಚುರುಕು, ಕಿವಿ ನೋಡಿಸಿ ಅಂದು ಹೋದರು. ಅವತ್ತು ಸಾಯಂಕಾಲ ಉಣ್ಣುವಾಗ ಜಗಳ ಶುರುವಾಯಿತು.

"ಹೆಣ್ ಮಗೀನ ಕೋವಿಗೆ ಕಟ್ಬುಟ್ಟಿದ್ದೀಯಲ್ಲ, ಕಿವಿ ಕೆಟ್ಟೋದ್ರೆ ನೀನು ಬೆಸ್ಗೆ ಆಕ್ಕೊಟ್ಟೀಯಾ?"

"ನಂಗೆ ಬೆರಳಿದ್ದಿದ್ರೆ ಅವಳ ಬೆರಳ್ಯಾಕೆ ಬೇಕಾಗಿತ್ತಮ್ಮಿ?"

"ಇಲ್ದಿದ್ರೆ ಕುದುರೇನ ಮೆತ್ತಗೆ ಮಾಡುಸ್ಕೊಂಡ್ ಬಾ. ನಿನ್ ಮುರುಕು ಬೆರಳ್ಗೂ ಬಗ್ಗೋ ಅಂಗೆ. ನನ್ ಮಗ್ಳು ಓದ್ಬೇಕು. ಅದು ಓದಿ ಟೀಚರಮ್ಮ ಆಗ್ಬೇಕು. ಅಲ್ಲೀಗಂಟ ನಿಂಗೆ ಮುದ್ದೆ ಇಲ್ಲ ಓಗು."

ನಿಜವಾಗಿಯೂ ತಟ್ಟೆ ಎತ್ತಿಕೊಂಡು ಹೋದಳು. ಅಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದು, ನನ್ನ ತಟ್ಟೆಯಿಂದ ಒಂದು ತುತ್ತು ಮುರಿದುಕೊಂಡ.

ಮುಂದಿನ ಸಂತೆಯ ದಿನ ಅಪ್ಪ, ನಾನು ಬೇಗೂರಿಗೆ ನಡೆದು ಅಲ್ಲಿಂದ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆವು. ಗೋಣಿಚೀಲ ಸುತ್ತಿದ ಕೋವಿ ನಮ್ಮಿಬ್ಬರ ನಡುವೆ ಕೂತಿತ್ತು. ಅಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಆಚಾರಿ ಮುದುಕ, ಅಪ್ಪನಿಗೆ ಗುರುತಿದ್ದವನು. ಕೋವಿಯ ಹೊಟ್ಟೆ ಬಿಚ್ಚಿ ಒಳಗಿನ ಕಚ್ಚು ತೋರಿಸಿದ. ಕೊಕ್ಕನ್ನು ಹಿಡಿದಿಡುವ ಹಲ್ಲು ಅದು. ಅದನ್ನು ಅರದಿಂದ ಉಜ್ಜುತ್ತಾ, ಎಣ್ಣೆ ಬಿಡುತ್ತಾ, ಕೂಡಿಸಿ ನೋಡುತ್ತಾ, ಮತ್ತೆ ಬಿಚ್ಚುತ್ತಾ ಮಧ್ಯಾಹ್ನ ಕಳೆದ. ಒಳಗಿದ್ದ ದಪ್ಪ ಸ್ಪ್ರಿಂಗ್ ತೆಗೆದು ತೆಳ್ಳನೆಯದು ಹಾಕಿದ. ನಾನು ಕಡಲೆಪುರಿ ತಿನ್ನುತ್ತಾ ನೋಡುತ್ತಿದ್ದೆ. ಕೊನೆಗೆ ಅಪ್ಪ ತನ್ನ ಸತ್ತ ಬೆರಳನ್ನು ಕುದುರೆಯ ಮೇಲಿಟ್ಟು, ಮಣಿಕಟ್ಟಿನಿಂದ ಸ್ವಲ್ಪವೇ ಹಿಂದಕ್ಕೆಳೆದ. ಟಿಕ್ ಅಂದಿತು. ಅಪ್ಪನ ಕಣ್ಣಲ್ಲಿ ನೀರು ಬಂತು.

"ಸಿದ್ದಣ್ಣ, ಇದು ಇನ್ನು ಮೊದ್ಲಿನ ಕೋವಿ ಅಲ್ಲ," ಅಂದ ಆಚಾರಿ. "ಉಸ್ ಅಂದ್ರೆ ಹಾರ್ತದೆ. ಮನೇಗೆ ತಂದ್ ಮೇಲೆ ಕೇಪು ತೆಗೀಬೇಕು, ಕೊಕ್ಕು ಇಳಿಸ್ಬೇಕು. ಮರೆತ್ಯೋ ಕೆಟ್ಟೆ. ಮಾದಪ್ಪನ ಆಣೆ ಹಾಕಿದ್ರೇ ಕೊಡೋದು."

ಅಪ್ಪ ಆಣೆ ಹಾಕಿದ. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಕಿವಿ ಮಂದವಾಗಿತ್ತು ಅಂತ ಹೇಳಿ ನಾನು ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಸರಿಯಾಗಿ ಕೇಳಿಸಿತ್ತು.

ಆ ದಿನದಿಂದ ಅಪ್ಪ ಒಬ್ಬನೇ ಹೊಲಕ್ಕೆ ಹೋಗತೊಡಗಿದ. ನಾನು ಬುಡ್ಡಿದೀಪ ಹಚ್ಚಿಕೊಂಡು ಮಗ್ಗಿ ಬರೆಯಬೇಕಿತ್ತು. ಅವ್ವ ಗೆದ್ದ ಖುಷಿಯಲ್ಲಿ ನನ್ನ ಪಕ್ಕ ಕೂತು, ಓದು ಬಾರದಿದ್ದರೂ ಸ್ಲೇಟನ್ನು ನೋಡುತ್ತಿದ್ದಳು. ಹೊಲದಿಂದ ಢಂ ಅಂತ ಸದ್ದು ಬಂದರೆ ನನ್ನ ಎರಡು ಬೆರಳೂ ತಾವಾಗಿಯೇ ಮಡಚುತ್ತಿದ್ದವು. ನನಗಾಗಿಯೇ ಆ ಕುದುರೆಯನ್ನು ಹಗುರ ಮಾಡಿಸಿದ್ದು ಎಂದು ಗೊತ್ತಿತ್ತು. ಆದರೂ ನನ್ನ ಜಾಗದಿಂದ ಯಾರೋ ನನ್ನನ್ನು ಎಬ್ಬಿಸಿ ತಾವು ಕೂತ ಹಾಗೆ ಹೊಟ್ಟೆ ಉರಿಯುತ್ತಿತ್ತು. ಹತ್ತು ವರ್ಷದ ಹುಡುಗಿ ಒಂದು ಕಬ್ಬಿಣದ ತುಂಡಿನ ಮೇಲೆ ಮುನಿಸಿಕೊಂಡಿದ್ದೆ. ಅಪ್ಪ ಒಂದು ತಿಂಗಳು ಆಣೆ ಉಳಿಸಿಕೊಂಡ. ಮನೆಗೆ ಬಂದ ಕೂಡಲೆ ಕೇಪು ತೆಗೆದು ದೀಪದ ಗೂಡಿನಲ್ಲಿಡುತ್ತಿದ್ದ.

ಆಯುಧಪೂಜೆಯ ದಿನ ಬೆಳಕು ಹರಿಯುವ ಮುಂಚೆಯೇ ಹಂದಿ ಬಂದಿವೆ ಅಂತ ಪಕ್ಕದ ಹೊಲದವರು ಕೂಗಿದರು. ಅಪ್ಪ ಓಡಿದ. ಅವನು ಹೋಗುವಷ್ಟರಲ್ಲಿ ಅವು ಹೊರಟುಹೋಗಿದ್ದವಂತೆ, ಹೊಡೆಯಲೇ ಇಲ್ಲ. ಎತ್ತು ತೊಳೆಯುವ ಅವಸರದಲ್ಲಿ ಹಿಂದಿರುಗಿದವನು ಹಳೆಯ ರೂಢಿಯಂತೆ ಕೋವಿಯನ್ನು ಹಾಗೆಯೇ ಗೂಟಕ್ಕೆ ಹಾಕಿದ. ಅವ್ವ ನಡುಮನೆ ಸಾರಿಸಿ, ನೇಗಿಲು, ಕುಡುಗೋಲು, ಗುದ್ದಲಿ, ಹಾರೆ, ಬೀಸುಕಲ್ಲು ಎಲ್ಲವನ್ನೂ ಸಾಲಾಗಿ ಜೋಡಿಸಿದಳು. ಕೋವಿಯನ್ನು ತಾನೇ ಇಳಿಸಿ ಗುಡಾಣಕ್ಕೆ ಒರಗಿಸಿದಳು. ಹೊಲದ ಅಂಚಿನ ಚೆಂಡುಹೂವನ್ನು ನಾನು ಬೆಳಿಗ್ಗೆಯೇ ಕಿತ್ತು ತಂದು ಸರ ಕಟ್ಟಿದ್ದೆ. ಪ್ರತಿಯೊಂದಕ್ಕೂ ನಾನು ಹೂವು ಮುಡಿಸುವುದು, ಹಿಂದಿನಿಂದ ಅವ್ವ ಅರಿಶಿನ ಕುಂಕುಮ ಇಡುತ್ತಾ ಬರುವುದು. ನೇಗಿಲಿಗೆ ಕುಳದ ತುದಿಗೆ, ಕುಡುಗೋಲಿಗೆ ಬಾಯಿಗೆ, ಕೋವಿಗೆ ನಳಿಕೆಯ ಬಾಯಿಗೆ. ಹಾಗೆಯೇ ನಡೆದುಕೊಂಡು ಬಂದಿತ್ತು. ನಾನು ಕೋವಿಯ ಹಿಡಿಗೆ ಸರ ಸುತ್ತಿ ಕೂತಿದ್ದೆ. ಅವ್ವ ಬಗ್ಗಿ, ಎಡಗೈಯಲ್ಲಿ ಕುಂಕುಮದ ಬಟ್ಟಲು ಹಿಡಿದು, ಬಲಗೈಯಿಂದ ನಳಿಕೆಯ ಬಾಯಿಗೆ ಬೊಟ್ಟಿಡುತ್ತಿದ್ದಳು. ನನ್ನ ಕಣ್ಣೆದುರಿಗೆ ಆ ಕುದುರೆ. ನೀನು ನನ್ನ ಮರೆತುಬಿಟ್ಟೆಯಾ ಅಂತ ಕೇಳುವ ಹಾಗೆ ಎರಡು ಬೆರಳನ್ನೂ ಒಂದರ ಮೇಲೊಂದು ಇಟ್ಟೆ. ಹಾರಿಸಬೇಕೆಂದು ಅಲ್ಲ. ಮಿಸುಕದೆ ನಿಂತು ನನ್ನ ಬೆರಳಿಗೆ ಎದುರು ಕೊಡುತ್ತಿತ್ತಲ್ಲ, ಆ ಹಟ ಒಂದು ಸಲ ಬೇಕಾಗಿತ್ತು. ಒಂದು ಅಂತ ಎಣಿಸಲಿಕ್ಕೂ ಅದು ಬಿಡಲಿಲ್ಲ.

ಅರಳೆ ಇಲ್ಲದ ಕಿವಿಗೆ ಆ ಸದ್ದು ಕೇಳಿಸಲೇ ಇಲ್ಲ ಅನ್ನಿಸುತ್ತದೆ. ಹೊಗೆ ಕಂಡಿತು, ಬಾಗಿಲಾಚೆ ಎತ್ತು ಹಗ್ಗ ಹರಿದುಕೊಂಡದ್ದು ಕಂಡಿತು, ಸಾರಿಸಿದ ನೆಲದ ಮೇಲೆ ಕುಂಕುಮ ಚೆಲ್ಲಿದ್ದು ಕಂಡಿತು. ಅದರಲ್ಲಿ ಕುಂಕುಮ ಎಷ್ಟು, ಅವ್ವನ ಕೈಯದು ಎಷ್ಟು ಎಂದು ಗೊತ್ತಾಗಲಿಲ್ಲ. ಬರೀ ಮದ್ದು, ನಾರು. ಆದರೆ ಅಂಗೈ ಅಗಲದ ದೂರ. ಅಪ್ಪ ಒದ್ದೆ ಪಂಚೆಯಲ್ಲಿ ಓಡಿಬಂದು, ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಕುದುರೆಯ ಮೇಲಿನಿಂದ ಇನ್ನೂ ಕದಲದ ನನ್ನ ಬೆರಳುಗಳನ್ನು ನೋಡಿದ. ಅವುಗಳನ್ನು ಒಂದೊಂದಾಗಿ ಬಿಡಿಸಿದ. ಕೋವಿಯನ್ನು ತಾನು ಎತ್ತಿಕೊಂಡ. ನನ್ನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು, ತುಟಿ ನೋಡಿ ತಿಳಿಯಲಿ ಅನ್ನುವಷ್ಟು ನಿಧಾನವಾಗಿ ಹೇಳಿದ.

"ನೀನು ಹಿತ್ತಲಲ್ಲಿದ್ದೆ ಕಣಮ್ಮಿ. ತಿಳೀತಾ? ಹಿತ್ತಲಲ್ಲಿದ್ದೆ. ಓಗು, ಈಗ್ಲೇ ಓಗು."

ಊರವರು ಬಂದಾಗ ನಾನು ಹಿತ್ತಲ ನುಗ್ಗೆಮರದ ಬುಡದಲ್ಲಿದ್ದೆ, ಕೋವಿ ಅಪ್ಪನ ಕೈಯಲ್ಲಿತ್ತು.

ಅವ್ವನನ್ನು ಗಾಡಿಯಲ್ಲಿ ಬೇಗೂರಿಗೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದರು. ಪೊಲೀಸರು ಕೇಳಿದಾಗ ಅಪ್ಪ ತನ್ನ ಜಜ್ಜಿದ ಬೆರಳನ್ನು ತೋರಿಸಿ, "ನಾನೇ ಬುದ್ಧಿ. ಈ ಬೆರಳಿಗೆ ಅರಿವಿಲ್ಲ. ಒರಸುವಾಗ ತಾಗ್ಬುಟ್ಟದೆ," ಅಂದನಂತೆ. ಯಾರೂ ಎರಡನೇ ಮಾತು ಕೇಳಲಿಲ್ಲ, ಆ ಬೆರಳೇ ಸಾಕ್ಷಿಯಾಯಿತು. ಕೋವಿ ಸ್ಟೇಷನ್ನಿಗೆ ಹೋಯಿತು, ವಾಪಸು ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವ್ವ ಮನೆಗೆ ಬಂದಾಗ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ತೆರಕಣಾಂಬಿಯಿಂದ ಬಂದ ಅವಳ ಅಣ್ಣಂದಿರು ಜಗಲಿಯ ಮೇಲೆ ನಿಂತು ಅಪ್ಪನಿಗೆ ಬಾಯಿಗೆ ಬಂದದ್ದು ಬೈದರು.

"ಹಂದೀಗೆ ಹೊಡಿಯೋ ಯೋಗ್ತೆ ಇಲ್ಲ, ಹೆಂಡ್ರಿಗೆ ಹೊಡುದ್ನಂತೆ! ನಡಿಯವ್ವಾ, ಈ ಮನೇಲಿ ಇರಬ್ಯಾಡ ನೀನು."

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅವ್ವ ಬಾಗಿಲ ಸಂದಿಯಿಂದ ನನ್ನನ್ನು ನೋಡಿದಳು. ಆ ನೋಟದಲ್ಲಿ ಎಲ್ಲವೂ ಇತ್ತು. ಅವಳು ನನ್ನ ಬೆರಳು ನೋಡಿದ್ದಳು, ಹೊಗೆ ಬರುವುದಕ್ಕಿಂತ ಮುಂಚೆಯೇ ನೋಡಿದ್ದಳು. ಒಂದು ಮಾತು ಆಡಿದ್ದರೆ ಗಂಡನ ಮೇಲಿನ ಕಳಂಕ ಅವತ್ತೇ ತೊಳೆದುಹೋಗುತ್ತಿತ್ತು. "ಇದು ನನ್ ಮನೆ. ನೀವು ಉಂಡ್ಕೊಂಡ್ ಓಗಿ," ಅಂದು ಒಳಗೆ ಹೋದಳು.

ಉಣ್ಣುವುದಕ್ಕೆ ಮುದ್ದೆ ತಿರುವಿದವಳು ನಾನು. ಅವತ್ತೇ ಮೊದಲು. ಮಡಕೆಯನ್ನು ಪಾದದಲ್ಲಿ ಅಮುಕಿ ಹಿಡಿದೆ, ಅಂಗಾಲು ಸುಟ್ಟಿತು, ಮುದ್ದೆ ಗಂಟುಗಂಟಾಯಿತು. ಮಾವಂದಿರು ಗಂಟು ಒಡೆದೊಡೆದು ಉಂಡರು. ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಮೇಷ್ಟರು ಎರಡು ಸಲ ಬಂದು ಹೋದರು. ಅಪ್ಪನಿಗೆ ಎರಡು ಬೆರಳು ಸತ್ತಿದ್ದವು, ಅವ್ವನಿಗೆ ನಾಲ್ಕು ಇರಲೇ ಇಲ್ಲ, ಅವರಿಬ್ಬರಿಗೂ ಸೇರಿ ಇದ್ದ ಒಂದೇ ಬಲಗೈ ನನ್ನದು. ಕೊಡಲಿ, ಬಿಂದಿಗೆ, ಬೀಸುಕಲ್ಲು, ಅವ್ವನ ಜಡೆ ಎಲ್ಲವೂ ಅದರ ಪಾಲಿಗೆ ಬಂತು. ಮನೆಯಲ್ಲಿ ಜಗಳ ನಿಂತುಹೋಯಿತು. ಆ ಜಗಳಕ್ಕಾಗಿ ನಾನು ಎಷ್ಟು ಹಾತೊರೆದೆನೋ. ಅಪ್ಪ ಉಣ್ಣುವಾಗ ಸಾರು ಸಪ್ಪಗಿದೆ ಅಂತಲೂ ಅನ್ನುತ್ತಿರಲಿಲ್ಲ. ಊರಿನ ಹುಡುಗರು ಅವನನ್ನು ಕಂಡರೆ ಮರೆಯಲ್ಲಿ ನಿಂತು ಢಂ ಅನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಅವನ ಪಕ್ಕ ಕೂತವರು, "ಏನ್ಲಾ ಸಿದ್ದ, ನಮ್ ಕಡೀಕೆ ತಿರುಗ್ಬ್ಯಾಡ ಕಣ್ಲಾ," ಅಂತ ನಗುತ್ತಿದ್ದರು. ಅವನೂ ನಗುತ್ತಿದ್ದ. ಆ ನಗುವನ್ನು ನೋಡಲಾರದೆ ನಾನು ಎಲೆ ಬಿಟ್ಟು ಎದ್ದು ಹೋದದ್ದುಂಟು.

ನನ್ನ ಮದುವೆಯ ಹಿಂದಿನ ದಿನ ಅವ್ವನ ತಲೆ ಬಾಚುತ್ತಾ, "ಅವ್ವಾ, ಅವತ್ತು ನಾನು..." ಅಂತ ಶುರು ಮಾಡಿದೆ. ತಿರುಗಿ ನೋಡದೆಯೇ, "ನೋಡ್ದೋಳು ನಾನೇ ಸುಮ್ಕಿಲ್ವಾ? ಬೈತಲೆ ಸೊಟ್ಟ ಆಯ್ತದೆ, ಬಾಚು," ಅಂದಳು. ಅಷ್ಟೇ. ಅಪ್ಪ ಹೋಗುವ ಮುಂಚೆ ನಾಲ್ಕು ದಿನ ನನ್ನ ಕೈ ಹಿಡಿದುಕೊಂಡೇ ಇದ್ದ. ಅವನ ಕಿವಿಯ ಹತ್ತಿರ ಬಗ್ಗಿ, "ಅಪ್ಪಾ, ನಾನೇ ಅಂತ ಎಲ್ಲಾರ್ಗೂ ಹೇಳ್ಬುಡ್ತೀನಿ," ಅಂದೆ. ಅವನ ಎದೆ ಒಂದು ಸಲ ನಡುಗಿತು, ಅಟ್ಟಣೆಯ ಮೇಲೆ ನಡುಗುತ್ತಿದ್ದ ಹಾಗೆಯೇ. ಈಗ ಅನ್ನುತ್ತಾನೆ ಅಂದುಕೊಂಡೆ. "ಹಿತ್ತಲಲ್ಲಿದ್ದೆ ಕಣಮ್ಮಿ ನೀನು," ಅಂದ. ನಾನು ಹೇಳಲಿಲ್ಲ. ಅವನು ಬೇಡ ಅಂದನೆಂದು ಅಲ್ಲ, ನನಗೆ ಧೈರ್ಯ ಇರಲಿಲ್ಲ. ಗಂಡ ಏನಂದುಕೊಂಡಾನು, ಅತ್ತೆ ಏನಂದಾಳು, ಆಮೇಲೆ ಮಗ ಏನಂದುಕೊಂಡಾನು. ಹೀಗೆ ಒಂದರ ಹಿಂದೆ ಒಂದು ನೆವ ಸಿಗುತ್ತಾ ಹೋದವು.

ಮೊನ್ನೆ ಚೈತ್ರ ಟ್ರಿಗರ್ ತೋರಿಸಿದ ದಿನವೇ ಮಧ್ಯಾಹ್ನ ಮಾದೇಶ ಆಫೀಸಿನಿಂದ ಊಟಕ್ಕೆ ಬಂದ. ಮಗಳ ರೈಫಲ್ಲು ನೋಡಿ ಅವನಿಗೂ ಹೆಮ್ಮೆ. ಮುದ್ದೆ ಮುರಿಯುತ್ತಾ ಹೇಳಿದ:

"ಟ್ರಿಗರ್ ಹಗುರ ಅದೆ ಅಂತ ನಿನ್ ಮುತ್ತಾತನ ತರ ಮಾಡ್ಬುಟ್ಟೀಯಾ ಕಣಮ್ಮಿ! ನಮ್ ವಂಶದಲ್ಲಿ ಮನೆಯೋರ್ಗೇ ಹೊಡೆದಿರೋ ಗುರಿಕಾರರವ್ರೆ."

ಚೈತ್ರ ನಕ್ಕಳು. ಅವಳ ತಪ್ಪಲ್ಲ, ಮಾದೇಶನ ತಪ್ಪೂ ಅಲ್ಲ. ಅವನಿಗೆ ಹಾಗೆಂದೇ ಗೊತ್ತಿರುವುದು. ಮದುವೆ ಮನೆಗಳ ಆ ನಗು ನನ್ನ ಮನೆಯ ಒಳಗೆ, ನನ್ನ ಮೊಮ್ಮಗಳ ಬಾಯಲ್ಲಿ ಬಂದು ಕೂತಿತಲ್ಲ. ಮಣ್ಣಾಗಿ ಇಷ್ಟು ವರ್ಷವಾದ ಮೇಲೂ ಅಪ್ಪ ತಲೆ ತಗ್ಗಿಸಿ ನಿಂತಿದ್ದ.

"ನಗಬ್ಯಾಡಿ," ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಹೊಡೆದೋನು ನಮ್ಮಪ್ಪ ಅಲ್ಲ. ನಾನು."

ಎಲ್ಲವನ್ನೂ ಹೇಳಿದೆ. ಸಾರು ಆರಿ ಕೆನೆ ಕಟ್ಟಿತು. ಮಾದೇಶ ತಟ್ಟೆಯಲ್ಲೇ ಕೈ ತೊಳೆದುಕೊಂಡು, ನನ್ನ ಕಾಲಿನ ಹತ್ತಿರ ನೆಲದ ಮೇಲೆ ಕೂತ. "ನಾನು ಸಣ್ಣೋನಿಂದ ಎಷ್ಟು ಸಲ ನಿನ್ ಮುಂದೇನೇ ಈ ಮಾತ ಆಡಿವ್ನಲ್ಲವ್ವಾ," ಅಂದ. ಆಡಿದ್ದ. ನಾನು ಎಣಿಸಿರಲಿಲ್ಲ. ಚೈತ್ರ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದಳು.

"ಕೇಪು ಇತ್ತಾ ಅಜ್ಜಿ? ಕೊಕ್ಕು ಎತ್ತಿತ್ತಾ?"

"ಇತ್ತು. ಎತ್ತಿತ್ತು."

"ಹಂಗಾದ್ರೆ ತಪ್ಪು ನಿಂದಲ್ಲ. ನಮ್ ಕೋಚ್ ಮೊದಲ್ನೇ ದಿನಾನೇ ಹೇಳಿದ್ರು, ಟ್ರಿಗರ್ ಗಟ್ಟಿ ಅದೆ ಅಂತ ಯಾವತ್ತೂ ನಂಬಬೇಡ, ತೋಟಾ ಇದೆ ಅಂತ್ಲೇ ನಂಬು ಅಂತ. ನಿನಗೆ ಹತ್ತು ವರ್ಷ. ಅದನ್ನ ಹಂಗೇ ಇಟ್ಟಿದ್ದು ಮುತ್ತಾತ ಅಲ್ವಾ?"

"ಮತ್ತೆ ಅವ್ನ ತಲೆಗೇ ಕಟ್ಬ್ಯಾಡ ಕಣಮ್ಮಿ," ಅಂದೆ. "ನಂದು ಅಂತ ಒಂದು ಅದೆ. ಅದನ್ನ ಅವನು ಸಾಯೋಗಂಟ ಹೊತ್ತವ್ನೆ. ಇಳಿಸ್ಕೊಡು ಈಗ್ಲಾದ್ರೂ. ನಾನು ಹೊತ್ಕತೀನಿ."

 ಅವಳು ಎದ್ದು ಹೋಗಿ ರೈಫಲ್ಲು ತಂದಳು. ಬೆಳಿಗ್ಗೆ ನೋಡಿದ್ದನ್ನೇ ಮತ್ತೆ ಮೊದಲಿಂದ ನೋಡಿದಳು. ಬೆರಳು ತೂರಿಸಿದಳು, ಬೆಳಕು ಬಿಟ್ಟಳು, ಆ ಹಳದಿ ತುಂಡನ್ನು ತೆಗೆದು ತೋರಿಸಿ ಮತ್ತೆ ಇಟ್ಟಳು. ಮಾದೇಶನನ್ನು ಎಬ್ಬಿಸಿ ತನ್ನ ಬೆನ್ನ ಹಿಂದಕ್ಕೆ ಕಳಿಸಿದಳು. ನಳಿಕೆಯನ್ನು ಮೂಲೆಗೆ ತಿರುಗಿಸಿದಳು. ಆಮೇಲೆ ಮಂಚದ ಮೇಲೆ ಕೂತು, ಹಿಡಿಯನ್ನು ತನ್ನ ಹೆಗಲಿಗೆ ಕೊಟ್ಟುಕೊಂಡು, ನನ್ನನ್ನು ತನ್ನ ಮುಂದೆ ಕೂರಿಸಿಕೊಂಡಳು. ಹಾಗೆ ಕೂರಿಸು ಅಂತ ನಾನು ಹೇಳಿರಲಿಲ್ಲ. ಅವಳ ಎದೆ ನನ್ನ ಬೆನ್ನಿಗೆ ತಾಗುತ್ತಿತ್ತು. ಭಾರ ಅವಳದು.

"ಒಂದೇ ಬೆರಳು ಸಾಕಜ್ಜಿ."

ಒಂದೇ ಬೆರಳಿಟ್ಟೆ. ಅದು ಸ್ವಲ್ಪ ಸುಮ್ಮನೆ ಹಿಂದಕ್ಕೆ ಬಂತು. ಆಮೇಲೆ ಅವಳು ಹೇಳಿದ್ದ ಗೋಡೆ ಸಿಕ್ಕಿತು. ಅವಳು ಅಲ್ಲಿ ಉಸಿರು ಹಿಡಿಯುತ್ತಾಳಂತೆ. ನಾನೂ ಹಿಡಿದೆ. ಈಗ ಅನ್ನುವವರು ಯಾರೂ ಇರಲಿಲ್ಲ.

"ಅಪ್ಪಾ," ಅಂದೆ, "ನಾನು ಹಿತ್ತಲಲ್ಲಿರಲಿಲ್ಲ."

ಟಿಕ್ ಅಂದಿತು.